ಮೆಂತ್ಯದ ಕಾಳಿನಷ್ಟು ಗಾಯ

ಕುಡಿದ ಹಾಲನ್ನೆಲ್ಲ ಕಾರಿಕೊಳ್ಳುತ್ತಿದ್ದ ನನ್ನ ಎಳೆಮಗಳ ಹೊಟ್ಟೆಗೆ ಬರೆ ಹಾಕಿಸಲೇಬೇಕೆಂದು ಅತ್ತೆ ಹಟ ಹಿಡಿದರು. ಮಗುವನ್ನೆತ್ತಿಕೊಂಡು ತವರಿಗೆ ಬಂದುಬಿಟ್ಟೆ.

"ನನ್ನ ಮೊಮ್ಮಗಳ ಮೈ ಸುಡೋಕೆ ಅವರ್ಯಾರೇ?" ಎಂದು ಸಿಡಿದ ಅಮ್ಮ, ಅಂದೇ ನಮ್ಮನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಹೊಟ್ಟೆ ಕೊಯ್ಯಲಿಲ್ಲ. ಮೆಂತ್ಯದ ಕಾಳಿನಷ್ಟು ಮೂರು ತೂತು ಮಾಡಿ, ಕ್ಯಾಮೆರಾ ಇಳಿಸಿ, ಜಠರದ ಬಾಯಲ್ಲಿ ಬಿಗಿದುಕೊಂಡಿದ್ದ ಸ್ನಾಯುವನ್ನು ಬಿಡಿಸಿದರು. "ಇನ್ನೂ ಒಂದೆರಡು ದಿನ ಅಷ್ಟಿಷ್ಟು ಕಕ್ಕಬಹುದು, ಗಾಬರಿಯಾಗ್ಬೇಡಿ. ದೊಡ್ಡವಳಾಗೋ ಹೊತ್ತಿಗೆ ಗುರುತೂ ಉಳಿಯಲ್ಲ," ಎಂದು ಕಳಿಸಿಕೊಟ್ಟರು.

ಮನೆಗೆ ಬಂದ ಮರುದಿನ, ಮಗುವನ್ನು ಅಮ್ಮನ ಮಡಿಲಲ್ಲಿ ಬಿಟ್ಟು ಔಷಧಿ ತರಲು ಹೋಗಿದ್ದೆ. ತಿರುಗಿ ಬರುವಾಗ ಬೀದಿಗೇ ಕೇಳಿಸುವಂತೆ ಚೀರಾಟ. ಒಳಗೋಡಿ ಅಂಗಿ ಎತ್ತಿದೆ. ಆ ಮೂರು ಚುಕ್ಕೆಗಳ ನಡುವೆ ಉದ್ದಕ್ಕೆ ಹಸಿ ಬರೆ.

"ಅತ್ತೆ ಬಂದಿದ್ರಾ? ಯಾಕಮ್ಮ ಒಳಗೆ ಬಿಟ್ಟೆ ಅವರನ್ನ?"

"ಯಾರೂ ಬಂದಿಲ್ಲ. ನಾನೇ ಹಾಕ್ದೆ," ಎಂದಳು ಅಮ್ಮ, ಕಣ್ಣೊರೆಸಿಕೊಳ್ಳುತ್ತ. "ಮಗು ಮತ್ತೆ ಕಕ್ತು ಕಣೆ. ಆ ಡಾಕ್ಟ್ರು ಏನೂ ಮಾಡೇ ಇಲ್ಲ, ನಮಗೆ ಮೋಸ ಮಾಡಿದಾರೆ. ಆಪರೇಷನ್ ಅಂದ್ಮೇಲೆ ಹೊಟ್ಟೆ ಮೇಲೆ ಒಂದು ಗಾಯ ಆದ್ರೂ ಇರ್ಬೇಡ್ವಾ?"