ಹಚ್ಚದ ಒಲೆ

ಇಂದ್ರವ್ವ ಕಡ್ಡಿಪೆಟ್ಟಿಗೆ ಹಿಡಿದು ತಣ್ಣಗಿನ ಒಲೆಯ ಮುಂದೆ ಕೂತಿದ್ದಳು. ಗಂಡ ಉದ್ದಪ್ಪ ನಿನ್ನೆಯಷ್ಟೇ ಮಣ್ಣಾಗಿದ್ದ. ಚಪ್ಪಲಿ ಮೆಟ್ಟಿಕೊಂಡೇ ಒಳಬಂದ ಮೇಲ್ವಿಚಾರಕ, "ಬೆಳಗಾವಿ ಮಂದಿ ನೋಡಾಕ ಬಂದಾರವ್ವ. ಬರೇ ಹೊಗಿ ಕಂಡ್ರ ಸಾಕು," ಎಂದ.

ಹಳೇ ಕಾಲದ ಬಾಳುವೆ ತೋರಿಸಲೆಂದು ಗೋಕಾಕದ ಹೊರಗೆ ಕಟ್ಟಿದ ಊರು ಅದು. ಹೋದ ವರ್ಷದ ಯುಗಾದಿಗೆ ಗಂಡಹೆಂಡತಿ ಪಗಾರಕ್ಕೆ ಬಂದು ಸೇರಿದ್ದರು. ಜನ ನೋಡುವಂತೆ ಅವನು ಗಾಣ ಆಡಿಸಬೇಕು, ಅವಳು ರೊಟ್ಟಿ ಬಡಿಯಬೇಕು. "ಆಟದ ಮನಿ, ಆಟದ ಓಣಿ! ನಾ ಸತ್ರ ಅಳಾವ್ರೂ ಪಗಾರದ ಮಂದಿನ ಏನ್ಬೇ?" ಎಂದು ಎದುರುಮನೆಯ ಕುಂಬಾರರ ಶೆಟ್ಟೆವ್ವನನ್ನು ಉದ್ದಪ್ಪ ವರ್ಷವಿಡೀ ಕಾಡಿಸುತ್ತಿದ್ದ.

"ಸಾವಿನ ಮನ್ಯಾಗ ಒಲಿ ಹಚ್ಚಬಾರದ್ರಿ," ಎಂದಳು ಇಂದ್ರವ್ವ.

"ಖರೆ. ಆದ್ರ ಇದು ಮನಿ ಅಲ್ಲಲ್ಲವ್ವ."

ಅದೂ ಹೌದೆನ್ನಿಸಿ ಅವಳು ಕಡ್ಡಿ ತೆಗೆದಳು. ಗೀರುವಷ್ಟರಲ್ಲಿ ಶೆಟ್ಟೆವ್ವ ಬಂದು ಅದನ್ನು ಕಸಿದುಕೊಂಡಳು. ಅವಳ ಸೆರಗಿನಡಿ ರೊಟ್ಟಿ, ಪುಂಡಿಪಲ್ಯ. ಹಿಂದೆ ಓಣಿಯ ಹೆಂಗಸರೆಲ್ಲ ಬುತ್ತಿ ಹಿಡಿದು ನಿಂತಿದ್ದರು.

"ನಾವು ಓಣ್ಯಾಗ ಇರೂತನಕ ನೀ ಒಲಿ ಹಚ್ಚತೀಯೇನ? ಒಂದು ತುತ್ತು ಉಣ್ಣು ಏಳು."

ನಿನ್ನೆಯಿಂದ ಅಳದಿದ್ದ ಇಂದ್ರವ್ವ ಅವಳ ಭುಜಕ್ಕೆ ಹಣೆ ಹಚ್ಚಿ ಅತ್ತಳು. ಮೇಲ್ವಿಚಾರಕ ಹೊರಗೆ ಹೋಗಿ, ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಮತ್ತೆ ಒಳಗೆ ಬಂದ.