ಬಾವಿಯ ಹಸಿ ಮೆಟ್ಟಿಲು

ಈಗಲೂ ಹಸಿ ಕಲ್ಲಿನ ವಾಸನೆ ಬಂದರೆ ಅಕ್ಕಲಕೋಟದ ಹತ್ತಿರದ ನಮ್ಮ ಹೊಲದ ಬಾವಿ ನೆನಪಾಗುತ್ತದೆ.

ಏಳನೇ ತರಗತಿಯಲ್ಲಿದ್ದ ನಾನು ಒಂದು ಸಂಜೆ ಗಣಿತದ ಪುಸ್ತಕ ಹಿಡಿದು ಬಾವಿಯ ಮೆಟ್ಟಿಲ ಮೇಲೆ ಅಳುತ್ತ ಕೂತಿದ್ದೆ. ಕಬ್ಬಿಗೆ ನೀರು ತಿರುವಿ ಬಂದ ಅವ್ವ, “ಏನಾತವಾ?” ಎಂದಳು.

“ಈ ಲೆಕ್ಕದಾಗ ಒಂದು ನೀರಿನ ಟಾಕಿ ಐತಿ. ಅದರಾಗ ನೀರು ತಾಸಿಗೆ ಎರಡು ಫೂಟು ಇಳಿತೈತಿ. ಅದು ಮೈನಸ್ ಎರಡು. ಮೂರು ತಾಸಿನ ಹಿಂದ ಅಂದ್ರ ಮೈನಸ್ ಮೂರು. ಗುಣಿಸಿದ್ರ ಪ್ಲಸ್ ಆರು ಅಂತಾರ ಸರ್. ಎರಡೂ ಮೈನಸ್ ಇದ್ದು ಪ್ಲಸ್ ಹೆಂಗ ಬರ್ತೈತಿ? ನಾಳಿ ಎಲ್ಲಾರ ಮುಂದ ನಾನ ಹೇಳಬೇಕು.”

ಅವ್ವ ಸೆರಗಿನಿಂದ ನನ್ನ ಮುಖ ಒರೆಸಿ, ಕೈ ಹಿಡಿದು ನೀರಿನ ಅಂಚಿನವರೆಗೆ ಇಳಿಸಿದಳು. ಮಧ್ಯಾಹ್ನದಿಂದ ಮೋಟರು ನಡೆದೇ ಇತ್ತು.

“ಇಲ್ಲೂ ನೀರು ಇಳ್ಯಾಕತ್ತೈತಿ. ಮೋಟರ್ ಚಾಲೂ ಮಾಡಿದಾಗ ಎಲ್ಲಿತ್ತು, ಹುಡುಕು.”

ಕಲ್ಲು ಮುಟ್ಟಿ ನೋಡುತ್ತ ಹತ್ತಿದೆ. ನಾಲ್ಕು ಮೆಟ್ಟಿಲು ತಣ್ಣಗೆ ಒದ್ದೆಯಾಗಿದ್ದವು. ಐದನೆಯದು ಬೆಚ್ಚಗೆ ಒಣಗಿತ್ತು.

“ಹೊತ್ತು ಹಿಂದಕ್ಕ ಹೋದ್ರ ನೀರು ಮ್ಯಾಲೆ ಇತ್ತವ್ವಾ! ಅದಕ್ಕ ಪ್ಲಸ್!” ಎಂದು ಕೂಗಿದೆ. ಬಾವಿಯೂ ಕೂಗಿತು.

ಅವ್ವ ನಕ್ಕಳು. ಇನ್ನೂ ಎರಡು ಸಾಲಿಗೆ ನೀರು ತಿರುವಬೇಕಿತ್ತು. ಆದರೂ ನನ್ನ ಪಕ್ಕ ಕೂತು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದಳು. ಅವಳ ಶಾಲೆ ಏಳನೆಯದಕ್ಕೇ ನಿಂತಿತ್ತು.

“ಎಂಟನೇದರಾಗ ಏನೇನು ಕಲಿಸ್ತಾರವಾ?” ಎಂದಳು. “ಪುಸ್ತಕ ಬಂದ ಮ್ಯಾಲೆ ಮೊದಲ ನನಗ ತೋರ್ಸು.”