ಸಂಕವ್ವನ ಕಾಲು... ಇಬ್ಬರ ರಿಪೇರಿ

ಆ ಬೆಳಿಗ್ಗೆ ಯಮನೂರನಿಗೆ ಕಂಪ್ಯೂಟರನ್ನೇ ಎತ್ತಿ ಬೀದಿಗೆ ಒಗೆಯಬೇಕು ಅನ್ನುವಷ್ಟು ಸಿಟ್ಟು ಬಂದಿತ್ತು...

ಬಾಗಲಕೋಟೆಯಲ್ಲಿ ಕೃತಕ ಕಾಲು ತಯಾರಿಸುವ ಸಣ್ಣ ವರ್ಕ್‌ಶಾಪ್ ಅದು. ಬಂದವರ ಕಾಲಿನ ಅಳತೆಯನ್ನು ಬೆಳಿಗ್ಗೆ ಕ್ಯಾಮೆರಾದಲ್ಲಿ ಹಿಡಿಯುವುದು ಯಮನೂರನ ಕೆಲಸ.

ಮಧ್ಯಾಹ್ನ ಬಂದು, ಆ ಅಳತೆಗೆ ತಕ್ಕಂತೆ ಮಷೀನಿನಲ್ಲಿ ಅಚ್ಚು ಕೊರೆಸುವುದು ತಬಸ್ಸುಮ್ ಕೆಲಸ. ಇಬ್ಬರಿಗೂ ಕಂಪ್ಯೂಟರ್ ಒಂದೇ.

ಅವನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಗ್ಯಾರೇಜ್ ಸೇರಿದ್ದವನು. ಅವಳು ಇಂಜಿನಿಯರಿಂಗ್ ಮುಗಿಸಿದವಳು. ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ...

ಕ್ಯಾಮೆರಾ ಪ್ರೋಗ್ರಾಂ ಅವತ್ತೂ ತೆರೆಯಲಿಲ್ಲ. ಪರದೆ ತುಂಬ ಬರೀ ಕೆಂಪು ಅಕ್ಷರ.

ಬೆಂಚಿನ ಮೇಲೆ ಗುಳೇದಗುಡ್ಡದ ಸಂಕವ್ವ ಕೂತಿದ್ದಳು. ರವಿಕೆಯ ಖಣ ನೇಯುವ ಮುದುಕಿ. ಸಕ್ಕರೆ ಕಾಯಿಲೆಗೆ ಒಂದು ಕಾಲು ಹೋಗಿತ್ತು. ಎರಡು ಸಲ ಬಂದು, ಎರಡು ಸಲವೂ ಬರಿಗೈಲಿ ಬಸ್ಸು ಹತ್ತಿದ್ದಳು.

"ತಮ್ಮಾ, ಇವತ್ತರ ಆಕ್ಕೈತೇನು? ನೆಲದ ಕುಣ್ಯಾಗ ಕಾಲು ಇಳಿಬಿಟ್ಟು ನೇಯೂ ಮಗ್ಗ, ಎರಡೂ ಕಾಲಿಲೆ ತುಳೀಬೇಕು. ಈ ತಿಂಗಳ ನಾ ಮಗ್ಗಕ್ಕ ಕೂಡ್ಲಿಲ್ಲಂದ್ರ ಬಿಚ್ಚಿ ಬ್ಯಾರೇದವರಿಗೆ ಕೊಡ್ತೀನಂದಾನ ಸಾವ್ಕಾರ."

ಯಮನೂರ ಹಲ್ಲು ಕಚ್ಚಿದ.

"ನಾ ಏನ್ ಮಾಡ್ಲಿ ಯವ್ವಾ. ನಿನ್ನೆ ಬೆಳಿಗ್ಗೆ ನಾನೇ ಕುಂತು ರಿಪೇರಿ ಮಾಡೀನಿ. ಮಧ್ಯಾಹ್ನ ನಮ್ಮ ಡಿಗ್ರಿ ಮೇಡಮ್ಮೋರು ಬರ್ತಾರ... ಕೆಡಿಸಿ ಹೋಗ್ತಾರ. ಸಾಲಿ ಕಲೀದಾಂವ ನಾ, ನನ್ನ ಹೊರಗ ಹಾಕಬೇಕಲ್ಲ ಅವರಿಗೆ."

ಸಂಕವ್ವ ಬೆಂಚಿನ ಮೇಲೆ ಅವನ ಕಡೆ ಸರಿದಳು.

"ಆ ಚಷ್ಮಾದ ಹುಡುಗಿ ಏನು?"

"ಹೂಂ. ಅವರೇ."

"ಹೋದ ಸಲ ನೀ ಸಿಟ್ಟಿಗೆದ್ದು ಹೋದಿ ನೋಡು... ನಾ ಸಂಜಿ ಬಸ್ಸಿನ ತನಕ ಇಲ್ಲೇ ಕುಂತಿದ್ದೆ. ಆ ಹುಡುಗಿ ಊಟದ ಡಬ್ಬಿ ಸೈತ ಬಿಚ್ಚಲಿಲ್ಲ. ನಿನ್ನ ಕ್ಯಾಮೆರಾ ಚಾಲೂ ಮಾಡಾಕಂತ ಕುಂತು ಒದ್ದಾಡಿತು."

ಯಮನೂರ ತಿರುಗಿ ನೋಡಿದ.

"ನಾ ಕೇಳಿದೆ, ಯಾಕವ್ವಾ ಇಷ್ಟು ತ್ರಾಸ ತಗೋತಿ ಅಂತ. 'ಯಮನೂರಣ್ಣ ಯಾರ ಕಡೀಗೂ ಏನೂ ಕೇಳೂದಿಲ್ಲವ್ವಾ. ಕೆಟ್ಟರ ಮಾಲಕ್ರು ಅವರಿಗೇ ಬೈತಾರ. ನಾಳೆ ಬರೂದ್ರಾಗ ಸರಿ ಇದ್ರ ಸಾಕು' ಅಂದ್ಲು."

ಕೀಬೋರ್ಡಿನ ಮೇಲಿದ್ದ ಯಮನೂರನ ಕೈ ಹಾಗೇ ನಿಂತಿತು...

ಇಷ್ಟು ದಿನ ಒಟ್ಟಿಗೆ ಕೆಲಸ ಮಾಡಿದರೂ ಅವಳಿಗೆ ಒಂದು ಸಲವೂ ಫೋನ್ ಮಾಡಿರಲಿಲ್ಲ. ಅವತ್ತು ಮಾಡಿದ.

"ಯಮನೂರಣ್ಣ? ಏನಾತ್ರಿ?" ಅವಳ ದನಿಯಲ್ಲಿ ಗಾಬರಿಯಿತ್ತು.

"ಬೈಯಾಕ ಮಾಡಿಲ್ರಿ... ಸ್ವಲ್ಪ ಲಗೂನ ಬರ್ತೀರೇನು?"

ತಬಸ್ಸುಮ್ ಅರ್ಧ ತಾಸಿನಲ್ಲಿ ಬಂದಳು. ಪರದೆ ನೋಡಿ ಕೇಳಿದಳು:

"ಈ ಕ್ಯಾಮೆರಾ ಪ್ರೋಗ್ರಾಮಿಗೆ ಬೇಕಾದ್ದನ್ನ ಯಾವುದರಿಂದ ಹಾಕಿದ್ರಿ?"

"ಪಿಪ್. ಫೋನಿನ್ಯಾಗ ವಿಡಿಯೋ ನೋಡಿ ಹಾಕೀನಿ. ನೀವು?"

"ನಾ ಕೋಂಡಾದಿಂದ." ಅವಳು ಹಣೆ ಬಡಿದುಕೊಂಡು ನಕ್ಕೇಬಿಟ್ಟಳು.

"ಪಿಪ್, ಕೋಂಡಾ ಎರಡೂ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷಾದ ಪ್ರೋಗ್ರಾಮಿಗೆ ಬೇಕಾದ ಸಾಮಾನು ತಂದು ಜೋಡಸ್ತಾವು ಅಣ್ಣ. ಆದ್ರ ಎರಡು ಬ್ಯಾರೆ ಬ್ಯಾರೆ ಅಂಗಡಿ ಇದ್ದಂಗ. ಒಳಗಿನ ಸಾಮಾನು ಅಲ್ಲಲ್ಲೇ ತಯಾರಾಗಿ ಬರ್ತಾವು. ಒಂದರದ್ದು ಇನ್ನೊಂದಕ್ಕ ಕೂಡೂದಿಲ್ಲ. ನೀವು ಕ್ಯಾಮೆರಾ ಸರಿ ಮಾಡಿದ್ರ ನನ್ನ ಅಚ್ಚು ನಿಲ್ಲತಿತ್ತು. ನಾ ಅಚ್ಚು ಸರಿ ಮಾಡಿದ್ರ ನಿಮ್ಮ ಕ್ಯಾಮೆರಾ... ಅದನ್ನೂ ಸರಿ ಮಾಡಾಕ ಹೋಗಿ ಇನ್ನಷ್ಟು ಕೆಡಿಸೀನಿ."

"ಇಂಚಿನ ಬೋಲ್ಟಿಗೆ ಎಂಎಂ ನಟ್ಟು ತಿರುವಿದಂಗ," ಅಂದ ಯಮನೂರ. "ಎರಡು ಸುತ್ತು ಹೋಗತೈತಿ. ಆಮ್ಯಾಲೆ ಕಚ್ಕೊಂಡು ನಿಲ್ಲತೈತಿ."

"ಅಗದೀ ಬರೋಬರಿ."

"ಮತ್ತ ಮೊದಲೇ ಹೇಳಬಾರದೇನ್ರಿ?"

"ಯಾರಿಗೆ ಹೇಳ್ಲಿ? ನಾ ಬಾಗಲಾ ದಾಟಿ ಒಳಗ ಬಂದ್ರ ನೀವು ಮಾರಿ ತಿರುವಿಕೊಂಡು ಹೊರಗ ಹೋಗ್ತಿದ್ರಿ."

ಯಮನೂರ ತಲೆ ತಗ್ಗಿಸಿದ. ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದಿಟ್ಟ...

ಹಳೆಯದರ ಮೇಲೆ ಮತ್ತೆ ತೇಪೆ ಹಚ್ಚಲಿಲ್ಲ. ಅವನು ಹಾಕಿದ್ದು, ಅವಳು ಹಾಕಿದ್ದು ಎಲ್ಲವನ್ನೂ ತೆಗೆದರು. ಎರಡೂ ಪ್ರೋಗ್ರಾಮಿಗೆ ಬೇಕಾದ್ದನ್ನು ಕೋಂಡಾ ಒಂದರಿಂದಲೇ ಹೊಸದಾಗಿ ಹಾಕಿದರು. ಅವಳು ಹೇಳುತ್ತಾ ಹೋದಳು, ಅವನು ಟೈಪ್ ಮಾಡುತ್ತಾ ಹೋದ.

ಕೊನೆಯ ಬಟನ್ ಯಮನೂರನೇ ಒತ್ತಿದ...

ಕೆಂಪು ಅಕ್ಷರ ಬರಲಿಲ್ಲ.

ಕ್ಯಾಮೆರಾದ ದೀಪ ಹೊತ್ತಿತು. ಸಂಕವ್ವನ ಅರ್ಧ ಕಾಲು ಪರದೆಯ ಮೇಲೆ ನಿಧಾನಕ್ಕೆ ಮೂಡಿತು. ತಬಸ್ಸುಮ್ ಪಕ್ಕದ ಮಷೀನ್ ಚಾಲೂ ಮಾಡಿದಳು. ಅದೂ ಗುಂಯ್ ಅಂತ ತಿರುಗತೊಡಗಿತು.

ಯಮನೂರ ಕುರ್ಚಿಗೆ ಒರಗಿದ. ಎಷ್ಟೋ ದಿನದಿಂದ ಹೊತ್ತ ಮೂಟೆ ಇಳಿಸಿದ ಹಾಗಿತ್ತು. ಕಣ್ಣಂಚು ಒದ್ದೆಯಾಗಿದ್ದು ಅವನಿಗೇ ಗೊತ್ತಾಗಲಿಲ್ಲ.

ಸಂಕವ್ವನಿಗೆ ಗೊತ್ತಾಯಿತು.

"ಏನೋ ತಮ್ಮಾ... ಕಾಲು ಹೋಗಿದ್ದು ನಂದು, ಅಳಾಂವ ನೀನು?"

ತಬಸ್ಸುಮ್ ನಗುತ್ತಾ ಚಷ್ಮಾ ತೆಗೆದು ಒರೆಸಿಕೊಂಡಳು. ಒರೆಸಿದ್ದು ಗಾಜನ್ನಷ್ಟೇ ಅಲ್ಲ...

ಆ ವಾರವೇ ಕಾಲು ತಯಾರಾಯಿತು. ಯಮನೂರ ಈಗ ಮಧ್ಯಾಹ್ನ ತಬಸ್ಸುಮ್ ಬರುವವರೆಗೂ ಕಾಯುತ್ತಾನೆ. ಕಂಪ್ಯೂಟರಿನಲ್ಲಿ ಇವತ್ತು ತಾನು ಏನೇನು ಮುಟ್ಟಿದೆ ಅಂತ ಹೇಳಿ ಆಮೇಲೆ ಹೊರಡುತ್ತಾನೆ.

ತಿಂಗಳು ಮುಗಿಯುವ ಮೊದಲು ಅವನ ಫೋನಿಗೆ ಸಂಕವ್ವನ ಮನೆಯಿಂದ ಒಂದು ವಾಯ್ಸ್ ಮೆಸೇಜ್ ಬಂತು. ಇಬ್ಬರೂ ಒಟ್ಟಿಗೆ ಕೇಳಿದರು.

ಅದರಲ್ಲಿ ಮಾತೇ ಇರಲಿಲ್ಲ. ಬರೀ ಮಗ್ಗದ ಸದ್ದು... ಒಂದು ಕಾಲು... ಇನ್ನೊಂದು ಕಾಲು... ಮತ್ತೆ ಒಂದು ಕಾಲು...

---

ಕೆಡಿಸಬೇಕು ಅಂತ ಯಾರೂ ಕೈ ಹಾಕಿರಲಿಲ್ಲ... ಒಬ್ಬರನ್ನೊಬ್ಬರು ಕೇಳದೆ ಕೈ ಹಾಕಿದ್ದೇ ಕೆಡಿಸಿತ್ತು.

ನೀವು ಸಿಟ್ಟು ಇಟ್ಟುಕೊಂಡಿರುವ ಆ ಮನುಷ್ಯ, ನೀವಿಲ್ಲದಾಗ ನಿಮಗೋಸ್ಕರವೇ ಏನನ್ನೋ ಸರಿ ಮಾಡುತ್ತಾ ಕೂತಿರಬಹುದಲ್ಲವೇ... ಒಂದು ಸಲ ಫೋನ್ ಮಾಡಿ ಕೇಳಿದ್ದೀರಾ?